ಲೇಸರ್ ಪೆಟ್ಟಿಗೆ ಬಿಚ್ಚೋ ಮುಂಚೆ ಈ ಕಥೆ ಕೇಳಿ

ಇವತ್ತಿನ ಕಥೆ ಶುರು ಆಗೋದು ನನ್ನ ಮೇಜಿನ ಮೇಲಿಂದಲೇ.

ಹೋದ ವರ್ಷ ಒಂದು ಸಣ್ಣ ಲೇಸರ್ ಎನ್‌ಗ್ರೇವಿಂಗ್ ಮಷೀನ್ ತಗೊಂಡೆ. ಮರದ ಮೇಲೆ ಹೆಸರು, ಚಿತ್ರ ಸುಟ್ಟು ಬರೆಯೋ ಮಷೀನು. ಕೇಳುಗರಿಗೆ ಕೀಚೈನ್ ಮಾಡಿ ಕಳಿಸೋಣ ಅನ್ನೋ ಆಸೆ. ನಾನು ಓದಿದ್ದು ಬಿ.ಕಾಂ. ಹಾಗಾಗಿ ಒಂದು ಕೀಚೈನಿಗೆ ಎಷ್ಟು ಖರ್ಚು, ಕೊರಿಯರ್‌ಗೆ ಎಷ್ಟು, ಎಲ್ಲ ಲೆಕ್ಕ ಹಾಕಿದ್ದೆ. ಡಬ್ಬಿಯೊಳಗೆ ಪುಕ್ಕಟೆ ಬಂದಿದ್ದ ಹಸಿರು ಪ್ಲಾಸ್ಟಿಕ್ ಕನ್ನಡಕದ ಬಗ್ಗೆ ಮಾತ್ರ ಯೋಚನೆ ಮಾಡಿರಲಿಲ್ಲ. ಮೂರು ತಿಂಗಳು ಅದನ್ನೇ ಹಾಕ್ಕೊಂಡು ಕೆಲಸ ಮಾಡಿದೆ. ಕೆಲವು ಸಲ ಹಾಕ್ಕೊಳ್ಳಲೂ ಇಲ್ಲ.

ರಜೆಗೆ ಬಂದಿದ್ದ ಚಿಕ್ಕಮ್ಮನ ಮಗ, ಒಂಬತ್ತನೇ ಕ್ಲಾಸಿನವನು, ಆ ಕನ್ನಡಕ ತಿರುಗಿಸಿ ತಿರುಗಿಸಿ ನೋಡಿದ. "ಅಣ್ಣಾ, ಇದು ನಿಜವಾಗ್ಲೂ ತಡೆಯುತ್ತಾ? ಇದ್ರ ಮೇಲೆ ಏನೂ ಬರ್ದೇ ಇಲ್ವಲ್ಲ" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ. ಅವನ ಜೇಬಲ್ಲೂ ಒಂದು ಹಸಿರು ಲೇಸರ್ ಪಾಯಿಂಟರ್ ಇತ್ತು. ಇಬ್ಬರ ಕಣ್ಣಿನ ವಿಷಯ. ಹುಡುಕೋಕೆ ಕೂತೆ. ಸಿಕ್ಕಿದ್ದು 65 ವರ್ಷದ ಕಥೆ.

1960ರ ಮೇ 16. ಅಮೆರಿಕದ ಕ್ಯಾಲಿಫೋರ್ನಿಯಾದ ಮಾಲಿಬು. ಹ್ಯೂಸ್ ಸಂಶೋಧನಾ ಪ್ರಯೋಗಾಲಯದಲ್ಲಿ ಥಿಯೊಡೋರ್ ಮೈಮನ್ ಅನ್ನೋ ವಿಜ್ಞಾನಿ ಬೆರಳ ತುದಿಯಷ್ಟು ದೊಡ್ಡ ಕೆಂಪು ಹರಳಿನ ಸುತ್ತ ಫ್ಲ್ಯಾಷ್ ದೀಪ ಸುತ್ತಿ ಬೆಳಗಿಸಿದರು. ಜಗತ್ತಿನ ಮೊದಲ ಲೇಸರ್ ಹುಟ್ಟಿತು. ಮುಂದೆ ಪತ್ರಿಕೆಗಳು ಅದಕ್ಕೆ ಸಾವಿನ ಕಿರಣ ಅಂತ ಹೆಸರಿಟ್ಟವು. ಆಗಿನ ವಿಜ್ಞಾನಿಗಳು ಲೇಸರಿನ ಶಕ್ತಿಯನ್ನ ತಮಾಷೆಗೆ ಜಿಲೆಟ್ ಲೆಕ್ಕದಲ್ಲಿ ಹೇಳ್ತಿದ್ರು. ಎಷ್ಟು ಶೇವಿಂಗ್ ಬ್ಲೇಡ್ ತೂತು ಮಾಡುತ್ತೋ ಅಷ್ಟು ಜಿಲೆಟ್.

ಬ್ಲೇಡ್ ತೂತು ಮಾಡೋ ಬೆಳಕು ಕಣ್ಣಿಗೆ ಬಿದ್ರೆ? ಒಂದೂವರೆ ವರ್ಷದಲ್ಲೇ ಅದು ಕಣ್ಣಿಗೆ ಹೋಯಿತು, ಬೇಕಂತಲೇ. 1961ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಆಸ್ಪತ್ರೆಯೊಂದರಲ್ಲಿ ಡಾ. ಚಾರ್ಲ್ಸ್ ಕ್ಯಾಂಪ್‌ಬೆಲ್ ಒಬ್ಬ ರೋಗಿಯ ಅಕ್ಷಿಪಟಲದ ಗಡ್ಡೆಯನ್ನ ಲೇಸರಿನಿಂದ ಸುಟ್ಟರು. ಮನುಷ್ಯನ ಮೇಲೆ ಲೇಸರ್ ಚಿಕಿತ್ಸೆ ಆಗಿದ್ದು ಅದೇ ಮೊದಲು. ಕಣ್ಣನ್ನೇ ಯಾಕೆ ಆರಿಸಿಕೊಂಡ್ರು ಅಂದ್ರೆ, ದೇಹದಲ್ಲಿ ಕುಯ್ಯದೇ ಒಳಗೆ ಬೆಳಕು ಕಳಿಸೋಕೆ ಇರೋ ಕಿಟಕಿ ಅದೊಂದೇ.

ಅಪಾಯವೂ ಅದೇ ಕಿಟಕಿಯಲ್ಲಿದೆ. ಚಿಕ್ಕವರಿದ್ದಾಗ ಭೂತಗನ್ನಡಿಯಲ್ಲಿ ಬಿಸಿಲು ಹಿಡಿದು ಕಾಗದ ಸುಟ್ಟಿದ್ದೀರಲ್ಲ? ನಮ್ಮ ಕಣ್ಣಿನ ಮಸೂರ ಅದೇ ಕೆಲಸ ಮಾಡುತ್ತೆ. ಒಳಗೆ ಬಂದ ಲೇಸರ್ ಕಿರಣವನ್ನ ಹಿಂದಿನ ಪರದೆಯ ಮೇಲೆ, ಅಂದ್ರೆ ಅಕ್ಷಿಪಟಲದ ಮೇಲೆ, ಸಣ್ಣ ಚುಕ್ಕೆಗೆ ಕೂಡಿಸುತ್ತೆ. ಆ ಚುಕ್ಕೆಯಲ್ಲಿ ಬೆಳಕಿನ ತೀವ್ರತೆ ಸುಮಾರು 1 ಲಕ್ಷ ಪಟ್ಟು ಹೆಚ್ಚಬಹುದು. ಗ್ರಹಣ ಬರಿಗಣ್ಣಲ್ಲಿ ನೋಡಬೇಡಿ ಅಂತ ನಮ್ಮ ಮನೆಗಳಲ್ಲಿ ಬೈತಾರಲ್ಲ, ಆ ಮಾತಿನೊಳಗಿರೋ ನಿಜವೂ ಇದೇ. ಇನ್ನೊಂದು ವಿಷಯ: ಅಕ್ಷಿಪಟಲಕ್ಕೆ ನೋವು ಗೊತ್ತಾಗಲ್ಲ. ಸುಟ್ಟರೂ ಉರಿಯಲ್ಲ.

ಹಾಗಾದ್ರೆ ಈ ಬೆಳಕು ನಮ್ಮ ಮನೆಯೊಳಗೆ ಬಂದದ್ದು ಹೇಗೆ? ಪೆಟ್ಟಿಗೆಯೊಳಗೆ ಕೂತು. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಒಂದು ಸೂಪರ್ ಮಾರ್ಕೆಟ್‌ನಲ್ಲಿ ಚೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡ್ ಮೇಲೆ ಮೊದಲ ಸಲ ಸ್ಕ್ಯಾನರ್ ಓಡಿತು. ಸ್ಕ್ಯಾನರ್ ಒಳಗಿದ್ದದ್ದು ಲೇಸರ್. 1982ರಲ್ಲಿ ಜಪಾನಿನಲ್ಲಿ ಸೋನಿಯ ಸಿಡಿ ಪ್ಲೇಯರ್ ಬಂತು. ಅದರೊಳಗೂ ಲೇಸರ್. ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಲೇಸರ್ ಮಾಡಿದ್ದರು. ಇವತ್ತು ಬೋರ್ಡು ಕತ್ತರಿಸೋ ಅಂಗಡಿಗಳಲ್ಲಿ ಅದೇ ಜಾತಿಯ ಲೇಸರ್ ದೊಡ್ಡ ಮಷೀನಿನೊಳಗೆ, ಮುಚ್ಚಳದ ಕೆಳಗೆ, ಕೆಲಸ ಮಾಡುತ್ತೆ.

ನಡುವೆ ಕಾನೂನೂ ಬಂತು. 1976ರ ಆಗಸ್ಟಿನಿಂದ ಅಮೆರಿಕದಲ್ಲಿ ಲೇಸರ್ ಇರೋ ವಸ್ತುಗಳನ್ನ ವರ್ಗ ಮಾಡಿ ಮಾರಬೇಕು ಅನ್ನೋ ನಿಯಮ ಜಾರಿ ಆಯಿತು. ಈಗ ಬಳಕೆಯಲ್ಲಿರೋ ವರ್ಗಗಳನ್ನ ಸರಳವಾಗಿ ಹೇಳ್ತೀನಿ. ಕ್ಲಾಸ್ 1 ಅಂದ್ರೆ ಸಾಮಾನ್ಯ ಬಳಕೆಯಲ್ಲಿ ಅಪಾಯ ಇಲ್ಲ. ಕ್ಲಾಸ್ 2 ಕಣ್ಣಿಗೆ ಕಾಣೋ ಬೆಳಕು, 1 ಮಿಲಿವ್ಯಾಟ್‌ವರೆಗೆ. ನಾವು ತಾನಾಗೇ ರೆಪ್ಪೆ ಮುಚ್ಚೋ ಕಾಲು ಸೆಕೆಂಡೇ ಅಲ್ಲಿ ರಕ್ಷಣೆ. ಕ್ಲಾಸ್ 3ಆರ್ 5 ಮಿಲಿವ್ಯಾಟ್‌ವರೆಗೆ, 3ಬಿ 500ರವರೆಗೆ. ಅದಕ್ಕೂ ಮೇಲಿನದು ಕ್ಲಾಸ್ 4. ಅದರಲ್ಲಿ ಗೋಡೆಗೋ ಮರಕ್ಕೋ ಬಿದ್ದು ಚದುರಿ ಬರೋ ಬೆಳಕೂ ಅಪಾಯ. ಸಿಡಿ ಪ್ಲೇಯರ್ ಕ್ಲಾಸ್ 1. ಒಳಗಿರೋ ಲೇಸರ್ ಸಾಧು ಅಂತಲ್ಲ, ಪೆಟ್ಟಿಗೆ ಮುಚ್ಚಿದೆ ಅಂತ. ಈ ಮಾತು ನೆನಪಿಟ್ಕೊಳ್ಳಿ.

ಪೆಟ್ಟಿಗೆ ಇಲ್ಲದ ಕಡೆ ಓದಿದವರಿಗೂ ಏಟು ಬಿದ್ದಿದೆ. ಡೇವಿಡ್ ಡೆಕ್ಕರ್ ಅನ್ನೋ ವಿಜ್ಞಾನಿ ತಮಗಾದ ಅಪಘಾತವನ್ನ 1977ರಲ್ಲಿ ಒಂದು ಲೇಸರ್ ಪತ್ರಿಕೆಯಲ್ಲಿ ಬರೆದರು. ಕಣ್ಣಿಗೆ ಕಾಣದ ಲೇಸರ್. ಗಾಜಿನ ಭಾಗವೊಂದರಿಂದ ಕಿರಣದ ಸಣ್ಣ ಪಾಲು ಪ್ರತಿಫಲಿಸಿ ಕಣ್ಣಿಗೆ ಹೊಡೆಯಿತು. ಕಣ್ಣಿನೊಳಗೆ ಪಟ್ ಅಂತ ಸದ್ದು ಕೇಳಿಸಿತಂತೆ. ಆಮೇಲೆ ಒಳಗೇ ರಕ್ತ ಹರಿದು ದೃಷ್ಟಿಗೆ ಅಡ್ಡ ಬಂತು. ಆ ಹೊತ್ತಲ್ಲಿ ಅವರು ಕನ್ನಡಕ ಹಾಕಿರಲಿಲ್ಲ. ಇಷ್ಟಾದ ಮೇಲೂ ತಮ್ಮ ತಪ್ಪನ್ನ ಬಚ್ಚಿಡದೆ ಬರೆದರಲ್ಲ, ಅದಕ್ಕೇ ಆ ಬರಹವನ್ನ ಲೇಸರ್ ಕೆಲಸಗಾರರು ಇವತ್ತಿಗೂ ಓದ್ತಾರೆ.

ಈಗ ನಮ್ಮ ಥರದ ಹವ್ಯಾಸಿಗಳ ಕಾಲಕ್ಕೆ ಬರೋಣ. ಲೇಸರ್ ಡಯೋಡಿನ ಬೆಲೆ ಬಿದ್ದಂಗೆಲ್ಲ ಪೆಟ್ಟಿಗೆ ಬಿಚ್ಚೋದು ಸುಲಭ ಆಯಿತು. ಹಳೇ ಡಿವಿಡಿ ಬರ್ನರ್ ಒಡೆದು ಕೆಂಪು ಡಯೋಡ್ ತೆಗೆದು, ಟಾರ್ಚಿಗೆ ಕೂರಿಸಿ, ಬೆಂಕಿಕಡ್ಡಿ ಹಚ್ಚೋದು ಹುಡುಗರ ಆಟ ಆಯಿತು. 2010ರ ಜೂನ್‌ನಲ್ಲಿ ಒಂದು ಕಂಪನಿ 1 ವ್ಯಾಟ್‌ನ ನೀಲಿ ಲೇಸರನ್ನ ಕೈಲಿ ಹಿಡಿಯೋ ಆಕಾರದಲ್ಲಿ, 200 ಡಾಲರಿಗಿಂತ ಕಡಿಮೆಗೆ, ಆನ್‌ಲೈನ್ ಮಾರಾಟಕ್ಕೆ ಇಟ್ಟಿತು. 1 ವ್ಯಾಟ್ ಅಂದ್ರೆ 1000 ಮಿಲಿವ್ಯಾಟ್. ಕ್ಲಾಸ್ 4. ಕಾಮರ್ಸ್ ಕಣ್ಣಲ್ಲಿ ನೋಡಿದ್ರೆ ಇಲ್ಲಿ ಆಗಿದ್ದು ಇಷ್ಟೇ: ಮಾರೋನು ಬೆಲೆಯಿಂದ ಪೆಟ್ಟಿಗೆಯ ಖರ್ಚು ತೆಗೆದ. ಆ ಖರ್ಚು ಮಾಯ ಆಗಲಿಲ್ಲ, ಕೊಂಡವನ ಕಣ್ಣಿನ ಲೆಕ್ಕಕ್ಕೆ ಹೋಯಿತು.

ಅದೇ ವರ್ಷ ಸ್ವಿಟ್ಜರ್ಲೆಂಡಿನ ಲುಸರ್ನ್‌ನ ವೈದ್ಯರು ಒಂದು ಪ್ರಕರಣ ಪ್ರಕಟಿಸಿದರು. 15 ವರ್ಷದ ಹುಡುಗ. ಆನ್‌ಲೈನಿನಲ್ಲಿ 150 ಮಿಲಿವ್ಯಾಟ್‌ನ ಲೇಸರ್ ಪಾಯಿಂಟರ್ ತರಿಸಿದ್ದ. ದೂರದಿಂದ ಬಲೂನ್ ಒಡೆಯೋದು, ಕಾಗದ ಸುಡೋದು, ಎಲ್ಲ ಆಯಿತು. ಒಂದಿನ ಕನ್ನಡಿ ಮುಂದೆ ನಿಂತು ಲೇಸರ್ ಶೋ ಮಾಡೋಕೆ ಹೋದ. ಕನ್ನಡಿಗೆ ಹೊಡೆದ ಕಿರಣ ತಿರುಗಿ ಅವನ ಕಣ್ಣಿಗೇ ಹಲವು ಸಲ ಬಿತ್ತು. ಎರಡೂ ಕಣ್ಣು ಮಂಜಾಯಿತು. ಹೆದರಿ ಅಪ್ಪ ಅಮ್ಮನಿಗೆ ಹೇಳಲಿಲ್ಲ. ತಾನಾಗೇ ಸರಿ ಹೋಗುತ್ತೆ ಅಂದ್ಕೊಂಡು ಎರಡು ವಾರ ಮುಚ್ಚಿಟ್ಟ. ಆಸ್ಪತ್ರೆಗೆ ಬಂದಾಗ ಎಡಗಣ್ಣಿಗೆ ಹತ್ತಿರದಲ್ಲಿ ಹಿಡಿದ ಬೆರಳು ಎಣಿಸೋವಷ್ಟೇ ದೃಷ್ಟಿ ಇತ್ತು. ಚಿಕಿತ್ಸೆಯಿಂದ ಸುಧಾರಿಸಿತು, ಆದರೆ ಕಲೆ ಉಳಿಯಿತು.

ಇದನ್ನ ಓದಿದಾಗ ನನಗೆ ಕಾಡಿದ್ದು 150 ಅನ್ನೋ ಸಂಖ್ಯೆ ಅಲ್ಲ, ಆ ಎರಡು ವಾರ.

ಸರಿ, ಚೀಟಿ ಓದಿ ಕೊಂಡ್ರೆ ಸಾಕಲ್ವಾ? ಸಾಲದು. ಅಮೆರಿಕದ ಅಳತೆ ಮಾನದಂಡಗಳ ಸಂಸ್ಥೆ, ನಿಸ್ಟ್ ಅಂತಾರೆ, 2013ರಲ್ಲಿ 122 ಪಾಯಿಂಟರ್ ಅಳೆದ ಫಲಿತಾಂಶ ಹೇಳಿತು. ಹಸಿರಿನಲ್ಲಿ ಸುಮಾರು ಶೇ. 90, ಕೆಂಪಿನಲ್ಲಿ ಸುಮಾರು ಶೇ. 44 ಅಲ್ಲಿನ ಸುರಕ್ಷತಾ ನಿಯಮದಲ್ಲಿ ಫೇಲ್. ಹಸಿರಿಗೆ ಇನ್ನೊಂದು ಸಮಸ್ಯೆ ಇದೆ. ಅಗ್ಗದ ಹಸಿರು ಪಾಯಿಂಟರ್‌ಗಳೊಳಗೆ ಸಾಮಾನ್ಯವಾಗಿ ಮೊದಲು ಹುಟ್ಟೋದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು, ಹರಳುಗಳು ಅದನ್ನ ಹಸಿರು ಮಾಡ್ತವೆ. ಕೊನೆಯಲ್ಲಿ ಒಂದು ಸಣ್ಣ ಫಿಲ್ಟರ್ ಹಾಕದೇ ದುಡ್ಡು ಉಳಿಸಿದ್ರೆ, ಕಾಣದ ಬೆಳಕು ಹಾಗೇ ಹೊರಗೆ ಬರುತ್ತೆ. ಮಂಕಾಗಿ ಉರಿತಿದೆ, ಪರವಾಗಿಲ್ಲ ಅಂತ ನಾವು ಅಂದ್ಕೋತೀವಿ. ಕಾಣದ ಬೆಳಕಿಗೆ ರೆಪ್ಪೆ ಮುಚ್ಚಲ್ಲ.

ಇನ್ನು ನಮ್ಮ ಹುಡುಗನ ಪ್ರಶ್ನೆಗೆ ಉತ್ತರ. ಲೇಸರ್ ಕನ್ನಡಕದ ಮೇಲೆ ಎರಡು ವಿಷಯ ಬರೆದಿರಲೇಬೇಕು: ಯಾವ ತರಂಗಾಂತರ ತಡೆಯುತ್ತೆ, ಎಷ್ಟು ತಡೆಯುತ್ತೆ. ಎಷ್ಟು ಅನ್ನೋದಕ್ಕೆ ಓಡಿ ಅಂತ ಸಂಖ್ಯೆ ಇರುತ್ತೆ. ಓಡಿ 1 ಅಂದ್ರೆ ಹತ್ತರಲ್ಲಿ ಒಂದು ಪಾಲು ಒಳಗೆ ಬರುತ್ತೆ, ಓಡಿ 4 ಅಂದ್ರೆ ಹತ್ತು ಸಾವಿರದಲ್ಲಿ ಒಂದು. ನನ್ನ ಮಷೀನು 5 ವ್ಯಾಟ್. ಓಡಿ 4 ಇದ್ರೆ ಒಳಗೆ ಬರೋದು ಅರ್ಧ ಮಿಲಿವ್ಯಾಟ್. ಏನೂ ಬರೆಯದ ಕನ್ನಡಕ ಬರೀ ಬಣ್ಣದ ಪ್ಲಾಸ್ಟಿಕ್. ನೀಲಿ ಲೇಸರಿಗೆ ಮಾಡಿದ ಕನ್ನಡಕ ಹಸಿರು ಪಾಯಿಂಟರಿನ ಇನ್‌ಫ್ರಾರೆಡ್‌ಗೆ ಆಗಲ್ಲ. ಎಂಥ ಕನ್ನಡಕ ಇದ್ರೂ ಕಿರಣವನ್ನ ನೇರ ನೋಡೋ ಹಾಗಿಲ್ಲ.

ಆ ಹಸಿರು ಕನ್ನಡಕ ಎಸೆದೆ. ಅಳತೆ ಬರೆದಿರೋದು ತಗೊಂಡೆ. ಆಮೇಲೆ ವೆಲ್ಡಿಂಗ್ ಅಂಗಡಿಯಲ್ಲಿ ಮಷೀನಿಗೆ ತಗಡಿನ ಪೆಟ್ಟಿಗೆ ಮಾಡಿಸಿದೆ. ಮುಚ್ಚಳ ತೆಗೆದರೆ ಲೇಸರಿನ ಕರೆಂಟ್ ಕಟ್ ಆಗೋ ಸ್ವಿಚ್ ಇದೆ, ಹೊಗೆ ಹೊರಗೆಳೆಯೋಕೆ ಫ್ಯಾನ್ ಇದೆ. ಒಳಗೆ ಹಳೇ ಫೋನ್ ಇಟ್ಟು ಕ್ಯಾಮೆರಾದಲ್ಲೇ ಕೆಲಸ ನೋಡ್ತೀನಿ. ಮಷೀನ್ ಓಡ್ತಿರೋವಾಗ ಪಕ್ಕದಿಂದ ಏಳಲ್ಲ, ಬೆಂಕಿ ಹತ್ತೋಕೆ ಜಾಸ್ತಿ ಹೊತ್ತು ಬೇಡ. ರೆಕ್ಸಿನ್, ಪಿವಿಸಿ ಒಳಗೆ ಇಡೋದೇ ಇಲ್ಲ, ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತೆ. 1982ರ ಸಿಡಿ ಪ್ಲೇಯರಿಗೆ ಕಂಪನಿ ಮಾಡಿಕೊಟ್ಟಿದ್ದ ಪೆಟ್ಟಿಗೆಯನ್ನ ನಾನು ನನ್ನ ದುಡ್ಡಲ್ಲಿ ಮತ್ತೆ ಕಟ್ಟಿಸಿದೆ. ಹವ್ಯಾಸದ ಖರ್ಚಿನಲ್ಲಿ ಇದನ್ನ ಮೊದಲೇ ಸೇರಿಸಬೇಕಿತ್ತು. ಹೊಸದಾಗಿ ಮಷೀನ್ ತಗೋಳೋರು ಮೊದಲೇ ಸೇರಿಸಿ.

ತಮ್ಮನ ಪಾಯಿಂಟರ್ ಅಳೆಯೋ ಉಪಕರಣ ನಮ್ಮಿಬ್ಬರ ಹತ್ರ ಇಲ್ಲ. ಹಾಗಾಗಿ ಸೆಲ್ ತೆಗೆದು ಇ-ತ್ಯಾಜ್ಯಕ್ಕೆ ಹಾಕಿದ್ವಿ. ಅವನಿಗೆ ಬೇಜಾರಾಯ್ತು. ಲುಸರ್ನ್ ಹುಡುಗನ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, "ಅಣ್ಣಾ, ನಾನಾಗಿದ್ರೂ ಅಮ್ಮಂಗೆ ಹೇಳ್ತಿರ್ಲಿಲ್ಲ ಅನ್ಸುತ್ತೆ" ಅಂದ.

ಅದಕ್ಕೇ ಕೇಳ್ತಿರೋ ಎಲ್ಲರಿಗೂ ಒಂದು ಮಾತು. ಲೇಸರ್ ಕಣ್ಣಿಗೆ ಬಿದ್ದು ಎದುರಿಗೆ ಕಪ್ಪು ಚುಕ್ಕೆ, ಮಂಜು ಏನಾದ್ರೂ ಉಳಿದ್ರೆ ಅವತ್ತೇ ಮನೇಲಿ ಹೇಳಿ, ಅವತ್ತೇ ಕಣ್ಣಿನ ಡಾಕ್ಟರ್ ಹತ್ರ ಹೋಗಿ. ದೊಡ್ಡವರೇ, ಮಕ್ಕಳು ಬಂದು ಹೇಳಿದ್ರೆ ಬೈಗುಳ ಆಮೇಲೆ ಇಟ್ಕೊಳ್ಳಿ. ಮೊದಲು ಆಟೋ ಕರೀರಿ.