ಬೊಂಬೆರೋಸ್ (ಚಿಲಿ)

ಚಿಲಿ ದೇಶದ ಸ್ವಯಂಸೇವಕ ಅಗ್ನಿಶಾಮಕ ಪಡೆ. ಬೆಂಕಿ ಆರಿಸುವವರಿಗೆ ಸಂಬಳವಿಲ್ಲ. ಮೇಲಾಗಿ ಅವರೇ ತಮ್ಮ ಕಂಪನಿಗೆ, ಅಂದರೆ ಪಡೆಯ ಘಟಕಕ್ಕೆ, ತಿಂಗಳ ವಂತಿಗೆ ಕಟ್ಟುತ್ತಾರೆ. ಮೊದಲ ಪಡೆ 1851ರಲ್ಲಿ ಬಂದರು ನಗರ ವಾಲ್ಪರೈಸೊದಲ್ಲಿ ಹುಟ್ಟಿತು. 1863ರ ಡಿಸೆಂಬರ್ 8ರಂದು ಸ್ಯಾಂಟಿಯಾಗೊದ ಕಂಪಾನಿಯಾ ಚರ್ಚಿಗೆ ಬೆಂಕಿ ಬಿದ್ದು 2,000ಕ್ಕೂ ಹೆಚ್ಚು ಮಂದಿ ಸತ್ತರು, ಬಹುಪಾಲು ಹೆಂಗಸರು. ಆ ದುರಂತದ ಬಳಿಕ ಹೊಸೆ ಲೂಯಿಸ್ ಕ್ಲಾರೊ ಎಂಬವರು ಅಗ್ನಿಶಾಮಕ ಪಡೆ ಕಟ್ಟಲು ಪತ್ರಿಕೆಯ ಮೂಲಕ ಯುವಕರನ್ನು ಕರೆದರು. ಡಿಸೆಂಬರ್ 20ಕ್ಕೆ ರಾಜಧಾನಿಯ ಪಡೆ ಸ್ಥಾಪನೆಯಾಯಿತು.

ಕಂಪನಿಯೇ ಪಡೆಯ ಮೂಲ ಘಟಕ. ಫ್ರೆಂಚ್, ಇಟಾಲಿಯನ್, ಜರ್ಮನ್ ವಲಸಿಗರು ಕಟ್ಟಿದ ಕಂಪನಿಗಳು ಇಂದಿಗೂ ಆ ಗುರುತನ್ನು ಹೆಮ್ಮೆಯಿಂದ ಉಳಿಸಿಕೊಂಡಿವೆ. ನಾಯಕರನ್ನು ಸದಸ್ಯರೇ ಚುನಾಯಿಸುತ್ತಾರೆ. ತಪ್ಪಿದವರನ್ನು ಕಂಪನಿಯ ಶಿಸ್ತು ಮಂಡಳಿಯೇ ವಿಚಾರಿಸುತ್ತದೆ. ಆದರೆ ನಿಜವಾದ ಒಗ್ಗಟ್ಟು ಕುದುರುವುದು ರಾತ್ರಿ ಪಾಳಿಯಲ್ಲಿ. ಹಗಲು ಕಾಲೇಜು, ಕಚೇರಿ ಮುಗಿಸಿದವರು ಠಾಣೆಯಲ್ಲೇ ಮಲಗುತ್ತಾರೆ; ಒಟ್ಟಿಗೆ ಉಂಡು, ಕರೆ ಬಂದರೆ ಒಟ್ಟಿಗೆ ಓಡುತ್ತಾರೆ. ಹಾಜರಿ ಕೂಗುವಾಗ ಕರ್ತವ್ಯದಲ್ಲಿ ಮಡಿದವರ ಹೆಸರನ್ನೂ ಕರೆಯುವ ರೂಢಿಯಿದೆ. ಅವರ ಪರವಾಗಿ ಉಳಿದವರು ಓಗೊಡುತ್ತಾರೆ.

ಇಷ್ಟು ಬಿಗಿಯಾದ ಬಳಗ ಬಾಗಿಲು ತೆರೆಯುವುದು ನಿಧಾನ: ಹಲವು ಕಂಪನಿಗಳು ಬಹುಕಾಲ ಮಹಿಳೆಯರನ್ನು ಸೇರಿಸಿಕೊಳ್ಳಲಿಲ್ಲ. ಇನ್ನು ಖರ್ಚಿಗೆ ಸರ್ಕಾರದ ಅನುದಾನ ಬರುತ್ತದಾದರೂ ಸಾಲದ್ದಕ್ಕೆ ಚಂದಾ ಎತ್ತುವುದು, ಲಾಟರಿ ಮಾರುವುದು ನಡೆದೇ ಇದೆ.