ಹವಾಮಾನ ಬದಲಾವಣೆ: ರಾಯದುರ್ಗ–ಮಡಕಶಿರಾ ಸೀಮೆಯ ಸಮಾಜ ಮತ್ತು ನೀತಿ

ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿ, ವರ್ಷಕ್ಕೆ ಸುಮಾರು 550 ಮಿಲಿಮೀಟರು ಮಳೆಯನ್ನು ನಂಬಿ ಬದುಕುವ ಆಂಧ್ರಪ್ರದೇಶದ ಅನಂತಪುರ ಸೀಮೆಯ ಕನ್ನಡ ಗಡಿನಾಡುಗಳಾದ ರಾಯದುರ್ಗ, ಮಡಕಶಿರಾಗಳಲ್ಲಿ (ಎರಡನೆಯದು 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ) ಹವಾಮಾನದ ವೈಪರೀತ್ಯವು ಜಮೀನು, ಸಾಲ, ಸ್ತ್ರೀಯರ ದುಡಿಮೆಗಳೊಡನೆ ಹೆಣೆದುಕೊಂಡಿದೆ. ನವಣೆ, ಸಜ್ಜೆ, ಜೋಳಗಳ ಮಿಶ್ರಬೆಳೆಯ ಸ್ಥಾನವನ್ನು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಶೇಂಗಾ ಬಹುಮಟ್ಟಿಗೆ ಆಕ್ರಮಿಸಿತು. ಹೂಬಿಟ್ಟ ಬಳಿಕ ನೆಲದೊಳಕ್ಕಿಳಿದು ಕಾಯಿಗಟ್ಟಬೇಕಾದ ಈ ಗಿಡಕ್ಕೆ ಆ ಹೊತ್ತಿನಲ್ಲಿ ಹದ ತಪ್ಪಿತೆಂದರೆ, ಮೇಲೆ ಹಸುರು ನಳನಳಿಸಿದರೂ ಬುಡದಲ್ಲಿ ಕಾಳಿರದು. ಕೊಳವೆಬಾವಿಗೆ ಸಾಲ ತರಬಲ್ಲವನು ಹೇಗೋ ತಾಳಿಯಾನು. ತುಂಡುಭೂಮಿಯ ಕುಟುಂಬದ ಗಂಡಸರು ಬೆಂಗಳೂರಿಗೆ ಗುಳೆ ಹೋದರೆ ಮನೆ, ಮುದುಕರು, ಕುರಿಗಳ ಭಾರವೆಲ್ಲ ಹೆಂಗಸರ ಹೆಗಲಿಗೆ ಬೀಳುವುದು. ಕಣೇಕಲ್ಲು, ಬೊಮ್ಮನಹಾಳುಗಳ ಕಡೆ ವೇದಾವತಿ (ಹಗರಿ) ನದಿಯ ಒಣಪಾತ್ರದ ಮರಳನ್ನು ಗಾಳಿ ಹೊತ್ತುತಂದು ಹೊಲಗಳ ಮೇಲೆ ದಿಬ್ಬಗಳಾಗಿ ಸುರಿಯುತ್ತದೆ.

ಈ ಸಂಕಷ್ಟಕ್ಕೆ ಒದಗುವ ಸರ್ಕಾರದ ಕ್ರಮಗಳಲ್ಲಿ ಗ್ರಾಮೀಣ ಉದ್ಯೋಗ ಖಾತರಿ ಯೋಜನೆ ಮುಖ್ಯವಾದುದು. 2006ರ ಫೆಬ್ರವರಿ 2ರಂದು ಅನಂತಪುರ ಜಿಲ್ಲೆಯ ಬಂಡ್ಲಪಲ್ಲಿಯಲ್ಲಿಯೇ ಅದಕ್ಕೆ ಚಾಲನೆ ದೊರೆಯಿತು. ಆದರೆ ನೆರವು ಜನರನ್ನು ತಲುಪುವಲ್ಲಿ ಭಾಷೆಯ ಪ್ರಶ್ನೆಯೂ ಇದೆ: 1953ರಲ್ಲಿ ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರಕ್ಕೆ ಸೇರಿದ ರಾಯದುರ್ಗದ ಕನ್ನಡ ರೈತನಿಗೆ ಆಡಳಿತದ ಭಾಷೆ ತೆಲುಗು. ವಿಮೆ, ಪರಿಹಾರಗಳು ಯಾರನ್ನು ಮುಟ್ಟುತ್ತವೆಂಬ ವಿಚಾರದಲ್ಲಿ ಇದನ್ನೂ ಗಣಿಸಲೇಬೇಕು.