ರಾಗ್ಲನ್ ತೋಳಿನ ಹೆಸರು: ಒಂದು ಕಾಲಾನುಕ್ರಮದ ತಕರಾರು

ರಾಗ್ಲನ್ ತೋಳು ಯಾವುದೆಂದು ಹೊಲಿಗೆ ಬಲ್ಲವರಿಗೆ ವಿವರಿಸಬೇಕಿಲ್ಲ. ಭುಜದ ತುದಿಯಲ್ಲಿ ನಿಲ್ಲದೆ ಕಂಕುಳಿಂದ ಓರೆಯಾಗಿ ಕತ್ತಿನವರೆಗೂ ಸಾಗುವ ಹೊಲಿಗೆಯೇ ಅದರ ಗುರುತು. ತಕರಾರು ಇರುವುದು ಅದರ ಹೆಸರಿನ ಬಗ್ಗೆ. ಉಡುಪಿನ ಪುಸ್ತಕಗಳು ಒಂದನ್ನೊಂದು ನಕಲು ಮಾಡುತ್ತ ಬಂದಿರುವ ಕಥೆ ಹೀಗಿದೆ: ವಾಟರ್‌ಲೂ ಯುದ್ಧದಲ್ಲಿ ಬಲಗೈ ಕಳೆದುಕೊಂಡ ಲಾರ್ಡ್ ರಾಗ್ಲನ್‌ಗೆ ಕತ್ತಿ ಬೀಸಲು ಅನುಕೂಲವಾಗಲೆಂದು ಲಂಡನ್ನಿನ ಅಕ್ವಾಸ್ಕೂಟಮ್ ಸಂಸ್ಥೆ ಈ ತೋಳನ್ನು ರೂಪಿಸಿತು. ಕೈ ಹೋದದ್ದು ನಿಜ, ಸಂಸ್ಥೆಯೂ ನಿಜ. ಎರಡನ್ನೂ ಕೂಡಿಸಿರುವುದು ಮಾತ್ರ ಕಚ್ಚಾ ಹೊಲಿಗೆ.

ಮೊದಲು ಹೆಸರನ್ನೇ ನೋಡೋಣ. 1815ರ ಜೂನ್ 18ರಂದು ವಾಟರ್‌ಲೂವಿನಲ್ಲಿ ಬಲ ಮೊಣಕೈಗೆ ಗುಂಡು ತಗುಲಿಸಿಕೊಂಡವನು ಲಾರ್ಡ್ ರಾಗ್ಲನ್ ಅಲ್ಲ. ಆ ಹೊತ್ತಿಗೆ ಆ ಪದವಿಯೇ ಹುಟ್ಟಿರಲಿಲ್ಲ. ಅವನು ಲಾರ್ಡ್ ಫಿಟ್ಜ್‌ರಾಯ್ ಸೋಮರ್ಸೆಟ್, ಬ್ಯೂಫರ್ಟ್ ಡ್ಯೂಕನ ಕಿರಿಯ ಮಗ, ವೆಲಿಂಗ್ಟನ್ನನ ಆಪ್ತ ಸೇನಾ ಕಾರ್ಯದರ್ಶಿ. (ಶ್ರೀರಂಗಪಟ್ಟಣದ 1799ರ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈ ವೆಲಿಂಗ್ಟನ್. ನಮ್ಮ ಕಡೆಗೆ ಈ ಕಥೆಯ ನಂಟು ಅಷ್ಟರಲ್ಲೇ ಮುಗಿಯುತ್ತದೆ, ಎಳೆದು ಉದ್ದ ಮಾಡುವುದು ಬೇಡ.) ಕತ್ತರಿಸಿದ ಕೈಯನ್ನು ಹೊತ್ತೊಯ್ಯುವಾಗ, ಹೆಂಡತಿ ಕೊಟ್ಟ ಉಂಗುರ ಅದರ ಬೆರಳಲ್ಲಿದೆಯೆಂದು ಸೋಮರ್ಸೆಟ್ ಅದನ್ನು ಹಿಂದಕ್ಕೆ ತರಿಸಿಕೊಂಡನೆಂಬುದು ಪ್ರಸಿದ್ಧ ಪ್ರಸಂಗ. ಅವನು ‘ರಾಗ್ಲನ್ ಬ್ಯಾರನ್’ ಆದದ್ದು 1852ರಲ್ಲಿ, ವೆಲಿಂಗ್ಟನ್ ತೀರಿಕೊಂಡ ಮೇಲೆ. ರಾಗ್ಲನ್ ಎಂಬುದು ವೇಲ್ಸಿನ ಮನ್ಮತ್‌ಶೈರಿನ ಊರು. ಸೋಮರ್ಸೆಟ್ ಮನೆತನದ ಪಾಳುಕೋಟೆ ಇರುವುದು ಅಲ್ಲೇ.

ಅಂದರೆ ಕೈ ಹೋದದ್ದಕ್ಕೂ ಹೆಸರು ಬಂದದ್ದಕ್ಕೂ ನಡುವೆ 37 ವರ್ಷಗಳ ಅಂತರವಿದೆ. ಅಷ್ಟು ಕಾಲವೂ ಅವನು ಅಂಗಿ ಕೋಟು ತೊಟ್ಟೇ ಓಡಾಡಿದ್ದಾನೆ, ಎಡಗೈಯಲ್ಲಿ ಬರೆಯಲು ಕಲಿತಿದ್ದಾನೆ, ಸೇನಾ ಕಚೇರಿಯಲ್ಲಿ ದಶಕಗಟ್ಟಲೆ ದುಡಿದಿದ್ದಾನೆ. ಮೊಂಡುಗೈಗೆಂದೇ ಒಂದು ಹೊಸ ತೋಳು ಹುಟ್ಟಿದ್ದರೆ ಅದು ಈ ಅವಧಿಯಲ್ಲಿ ಹುಟ್ಟಬೇಕಿತ್ತು, ‘ಸೋಮರ್ಸೆಟ್’ ಎಂದೋ ‘ಫಿಟ್ಜ್‌ರಾಯ್’ ಎಂದೋ ಕರೆಸಿಕೊಳ್ಳಬೇಕಿತ್ತು. ಐವತ್ತರ ದಶಕದಲ್ಲಿ ದೊರೆತ ಪದವಿಯ ಹೆಸರು ಅದಕ್ಕೆ ಅಂಟಿದೆ ಎಂದ ಮೇಲೆ, ಹೆಸರಿನ ಕಾರಣವನ್ನೂ ಆ ದಶಕದಲ್ಲೇ ಹುಡುಕಬೇಕು. ಇಷ್ಟು ಸರಳ ಲೆಕ್ಕವನ್ನು ಉಡುಪಿನ ಕೋಶಗಳನ್ನು ಬರೆದವರು ಹಾಕಿ ನೋಡಲಿಲ್ಲ ಎಂಬುದೇ ಆಶ್ಚರ್ಯ.

ಅಕ್ವಾಸ್ಕೂಟಮ್ ಮಾತಿಗೂ ಇದೇ ಲೆಕ್ಕ ಅಡ್ಡ ಬರುತ್ತದೆ. ಆ ಅಂಗಡಿ ತೆರೆದದ್ದು 1851ರಲ್ಲಿ. ನೀರು ಇಳಿಯದ ಉಣ್ಣೆ ಬಟ್ಟೆಯಿಂದ ಅದು ಹೆಸರು ಮಾಡಿದ್ದು ಅದರ ನಂತರ. ಕ್ರಿಮಿಯಾ ಯುದ್ಧಕ್ಕೆ ಹೋದ ಅಧಿಕಾರಿಗಳು ಅಲ್ಲಿಯ ಕೋಟು ತೊಟ್ಟಿದ್ದರೆಂದು ಒಪ್ಪೋಣ. ಆದರೂ ಹೊಸ ಗಾಯಾಳುವಿಗೆ ಮಾಡಿದ ಉಪಕಾರದಂತೆ ಕಥೆಯನ್ನು ಹೇಳಲು ಬರುವುದಿಲ್ಲ. 1854ರಲ್ಲಿ, ಬ್ರಿಟಿಷ್ ಸೇನಾಪತಿಯಾಗಿ ಆ ಯುದ್ಧಕ್ಕೆ ಹೋದಾಗ, ರಾಗ್ಲನ್‌ಗೆ ಅರವತ್ತೈದು ದಾಟಿತ್ತು. ವ್ಯಾಪಾರಿ ಸಂಸ್ಥೆಯೊಂದು ತನ್ನ ಚರಿತ್ರೆಯನ್ನು ತಾನೇ ಹೇಳಿಕೊಂಡರೆ ಅದನ್ನು ಸಾಕ್ಷಿಯೆಂದು ಎತ್ತಿಕೊಳ್ಳುವ ಮೊದಲು ಬೇರೆ ಆಧಾರ ಕೇಳುವುದು ಸಂಶೋಧಕನ ಕನಿಷ್ಠ ಧರ್ಮ.

ಇನ್ನು ಕತ್ತಿಯ ಮಾತು. ಹೋದದ್ದು ಬಲಗೈ, ಅಂದರೆ ಕತ್ತಿ ಹಿಡಿಯುವ ಕೈ. ಮೊಣಕೈಗಿಂತ ಮೇಲಕ್ಕೆ ಕತ್ತರಿಸಿದ ಕೈಗೆ ಯಾವ ತೋಳು ತೊಡಿಸಿದರೂ ಅದು ಕತ್ತಿ ಬೀಸಲಾರದು. ಎಡಗೈಗೆ ಅನುಕೂಲವಾಯಿತು ಎಂದು ಕೆಲವರು ತಿದ್ದುಪಡಿ ತರುತ್ತಾರೆ. ತಿದ್ದುಪಡಿ ಬೇಕಾದದ್ದೇ ಮೂಲ ವಾಕ್ಯ ನಿಲ್ಲುವುದಿಲ್ಲ ಎಂಬುದಕ್ಕೆ ಗುರುತು. ನ್ಯಾಯವಾಗಿ ಒಂದನ್ನು ಒಪ್ಪಬೇಕು: ಭುಜದ ಅಳತೆಗೆ ಕಟ್ಟುಬೀಳದ, ಕಂಕುಳು ಸಡಿಲವಿರುವ ತೋಳನ್ನು ಒಂದೇ ಕೈಯಿಂದ ತೊಡುವುದು ಸುಲಭ. ಆದರೆ ಆ ಸುಖ ಎರಡು ಕೈ ಇದ್ದವನಿಗೂ ಸಿಗುತ್ತದೆ. ಭುಜದ ನೆತ್ತಿಯ ಮೇಲೆ ಹೊಲಿಗೆ ಇಲ್ಲದಿರುವುದರಿಂದ ಮಳೆನೀರು ಅಲ್ಲಿ ಒಳಗಿಳಿಯದು. ಮಳೆಗೋಟು ಹೊಲಿಯುವವರು ಇದನ್ನು ಮೆಚ್ಚಲು ಅಷ್ಟು ಸಾಕಿತ್ತು, ಯಾರ ಕೈಯೂ ಹೋಗಬೇಕಿರಲಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಕಥೆಯಿದೆ. ಕ್ರಿಮಿಯಾದ ಚಳಿಗೆ ನಡುಗುತ್ತಿದ್ದ ಸಿಪಾಯಿಗಳು ಗೋಣಿಚೀಲವನ್ನೋ ಕಂಬಳಿಯನ್ನೋ ಓರೆಯಾಗಿ ಕತ್ತರಿಸಿ ಮೈಗೆ ಹಾಕಿಕೊಂಡರು, ಅದೇ ಮಾದರಿಯಾಯಿತು ಎಂಬುದು. 1854ರ ನವೆಂಬರ್ 14ರ ಬಿರುಗಾಳಿಯಲ್ಲಿ ‘ಪ್ರಿನ್ಸ್’ ಹಡಗು ಬಾಲಕ್ಲಾವಾದ ಹೊರಗೆ ಚಳಿಗಾಲದ ಬಟ್ಟೆಗಳ ಸಮೇತ ಮುಳುಗಿತೆಂಬುದು ಚರಿತ್ರೆ. ಹಾಗಾಗಿ ಸಿಪಾಯಿಗಳು ಸಿಕ್ಕಿದ್ದನ್ನು ಹೊದ್ದಿದ್ದರೆ ಅದರಲ್ಲಿ ವಿಶೇಷವೇನಿಲ್ಲ. ಆದರೆ ಆ ಕಂಬಳಿಗೂ ಲಂಡನ್ನಿನ ದರ್ಜಿಯ ಕತ್ತರಿಗೂ ಸಂಬಂಧ ತೋರಿಸುವವರು ಯಾರೂ ಇಲ್ಲ. ಒಂದು ಕಥೆಗೆ ಆಧಾರವಿಲ್ಲವೆಂದು ಆಧಾರವಿಲ್ಲದ ಇನ್ನೊಂದಕ್ಕೆ ಮಣೆ ಹಾಕುವ ಅಭ್ಯಾಸ ನನಗೆ ಹಿಡಿಸದು.

ನನ್ನ ವಾದ ಇಷ್ಟು. ಮೊದಲು ರಾಗ್ಲನ್ ಎಂದರೆ ತೋಳಲ್ಲ, ಕೋಟು. ಐವತ್ತರ ದಶಕದ ಕೊನೆಗೆ ಅದು ಅಗಲ ತೋಳಿನ, ಸಡಿಲವಾದ ಓವರ್‌ಕೋಟಿನ ಹೆಸರು. ಕತ್ತಿನವರೆಗೆ ಏರುವ ತೋಳೇ ಅದರ ಮುಖ್ಯ ಲಕ್ಷಣವೆಂದು ಎಣಿಕೆಯಾದದ್ದು ಆ ಶತಮಾನದ ಕೊನೆಯ ಹೊತ್ತಿಗೆ. ಆಮೇಲೆ ತೋಳು ಕೋಟಿನಿಂದ ಹೆಸರನ್ನು ಪಡೆದುಕೊಂಡು ಸ್ವೆಟರಿಗೂ ಟೀ ಶರ್ಟಿಗೂ ಹೊರಟಿತು. ಹೀಗೆ ಕೋಟು ಮರೆತು ತೋಳೊಂದೇ ಉಳಿದಾಗ, ತೋಳಿಗೆ ಕೈಯಿಲ್ಲದವನ ಹೆಸರೇಕೆ ಎಂಬ ಪ್ರಶ್ನೆ ಎದ್ದಿತು. ಉತ್ತರ ವಾಟರ್‌ಲೂವಿನಲ್ಲಿ ಸಿದ್ಧವಾಗಿತ್ತು.

ಕೋಟಿಗೆ ಆ ಹೆಸರು ಬರಲು ಪತ್ರಿಕೆಗಳು ಸಾಕು. ಅದೇ ಕ್ರಿಮಿಯಾ ಯುದ್ಧ ಕಾರ್ಡಿಗನ್ ಎಂಬ ಅರ್ಲನ ಹೆಸರನ್ನು ಉಣ್ಣೆಯಂಗಿಗೆ ಕೊಟ್ಟಿತು, ಬಾಲಕ್ಲಾವಾ ಎಂಬ ಊರಿನ ಹೆಸರನ್ನು ಯುದ್ಧ ಮುಗಿದು ಬಹಳ ಕಾಲದ ಮೇಲೆ ಕುಲಾವಿಗೆ ಅಂಟಿಸಿತು. ಕುಲಾವಿಗೆ ಹೆಸರಾಗಲು ಬಾಲಕ್ಲಾವಾದವರ ತಲೆಗೆ ಏನೂ ಆಗಬೇಕಿರಲಿಲ್ಲ. ರಾಗ್ಲನ್ 1855ರ ಜೂನ್ 28ರಂದು ಸೆವಾಸ್ಟಪೋಲಿನ ಎದುರಿನ ಪಾಳೆಯದಲ್ಲೇ ತೀರಿಕೊಂಡ. ಚಳಿಗಾಲದ ಅವ್ಯವಸ್ಥೆಗಾಗಿ ಪತ್ರಿಕೆಗಳು ಅವನನ್ನು ಬೈಯುತ್ತಲೇ ಇದ್ದವು. ಹೊಗಳಿಕೆಯೋ ಬೈಗುಳವೋ, ದರ್ಜಿಗಳಿಗೆ ಬೇಕಿದ್ದದ್ದು ಎಲ್ಲರ ಬಾಯಲ್ಲಿರುವ ಹೆಸರು.

ಕನ್ನಡದ ಜಾನಪದ ವಿದ್ಯಾರ್ಥಿಗಳಿಗೆ ರಾಗ್ಲನ್ ಎಂದರೆ ನೆನಪಾಗುವುದು ಇವನ ಮರಿಮಗ, ನಾಲ್ಕನೆಯ ಬ್ಯಾರನ್. ವೀರರ ಕಥೆಗಳಲ್ಲಿ 22 ಅಂಶಗಳ ಒಂದೇ ಅಚ್ಚನ್ನು ಕಂಡು, ಪರಂಪರೆಯ ಕಥನ ಚರಿತ್ರೆಯಾಗದು ಎಂದು 1936ರಲ್ಲಿ ‘ದಿ ಹೀರೋ’ ಬರೆದವನು. ಅವನ ವಾದ ಅತಿಗೆ ಹೋಯಿತೆಂಬ ಆಕ್ಷೇಪಣೆಯಲ್ಲಿ ನಾನೂ ಪಾಲುದಾರ. ಆದರೆ ಅವನ ಮನೆತನದ ಹೆಸರು ಹೊತ್ತ ತೋಳಿನ ಮಟ್ಟಿಗೆ ಅವನ ಸಂಶಯವೇ ಸರಿ.

ಹೊಲಿಗೆ ತರಬೇತಿಯ ಪಠ್ಯಗಳನ್ನು ಪರಿಷ್ಕರಿಸುವವರಲ್ಲಿ ಒಂದು ವಿನಂತಿ. ಬಲಗೈಯ ಕಥೆಯನ್ನು ಕೈಬಿಡಿ. ಕ್ರಿಮಿಯಾ ಯುದ್ಧದ ಬ್ರಿಟಿಷ್ ಸೇನಾಪತಿಯ ಪದವಿಯಿಂದ ಓವರ್‌ಕೋಟಿಗೂ, ಆ ಕೋಟಿನಿಂದ ತೋಳಿಗೂ ಬಂದ ಹೆಸರು ಎಂದಷ್ಟೇ ಬರೆಯಿರಿ.